ಚೆಂಡಾಟಗಾರರಾದ ಪಳವಣಕರ ಬಾಳೂ ಅವರ ಚರಿತ್ರೆ



ನಾವು ಈ ಪತ್ರಿಕೆಯಲ್ಲಿ ಹೆಸರಾದ ಸ್ತ್ರೀಪುರುಷರ ಚರಿತ್ರೆಗಳನ್ನು ಬರೆಯುವಾಗ ಸುವಾರ್ತೆಯ ಕೆಲಸಕ್ಕಾಗಿ ಶ್ರಮೆಪಟ್ಟವರನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತೇವೆ. ಈ ಸಾರಿ ನಾವು ಹೇಳಬೇಕೆಂದಿರುವವರಾದರೋ ಬೋಧಕರಲ್ಲ, ಉಪದೇಶಿಗಳಲ್ಲ, ಕ್ರೈಸ್ತರೂ ಅಲ್ಲ. ಕ್ರಿಕೆಟ್ ಎಂಬ ಚೆಂಡಾಟದಿಂದ ಹೆಸರು ಪಡೆದವರು. ಚೆಂಡಾಟಕ್ಕೂ ನಮ್ಮ ಆತ್ಮದ ಕ್ಷೇಮಕ್ಕೂ ಏನು ಸಂಬಂಧವೆಂದು ಸಭೆಯ ಹಿರಿಯರು ಕೇಳಬಹುದು. ಇದಕ್ಕೆ ನಮ್ಮ ಬಳಿ ಎರಡು ಉತ್ತರಗಳುಂಟು. ಮೊದಲನೆಯದು, ಈ ಪುರುಷರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿಯೇ. ಎರಡನೆಯದು, ಅವರ ಚರಿತ್ರೆಯು ಒಂದು ಕುಡಿಕೆ ಚಹದ ಸಂಗತಿಯನ್ನು ಒಳಗೊಂಡದೆ. ಆ ಕುಡಿಕೆಯ ಸಂಗತಿಯು ನಮ್ಮ ಸಭೆಗಳ ಪವಿತ್ರ ಭೋಜನದ ಮೇಜಿನವರೆಗೂ ಬಂದು ಮುಟ್ಟುತ್ತದೆ. ಆದಕಾರಣ ವಾಚಕರು ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇವೆ.

ಜನನವೂ ಬಾಲ್ಯವೂ

ಬಾಳೂ ಅವರು 1875-76ರ ಸುಮಾರಿನಲ್ಲಿ ಧಾರವಾಡದಲ್ಲಿ ಹುಟ್ಟಿದರು. ಬಾಸೆಲ್ ಮಿಶನ್ನಿನವರು 1837ರಲ್ಲಿಯೇ ಆ ಊರಿಗೆ ಬಂದು ಕೆಲಸವನ್ನಾರಂಭಿಸಿದ್ದರೆಂಬದನ್ನು ನಮ್ಮ ಜನರು ಬಲ್ಲರು. ಬಾಳೂ ಅವರ ಮನೆತನವಾದರೋ ಕೊಂಕಣಸೀಮೆಯ ಪಳವಣವೆಂಬ ಹಳ್ಳಿಯಿಂದ ಬಂದದ್ದು. ಆ ಹಳ್ಳಿಯಿಂದಲೇ ಅವರಿಗೆ ಪಳವಣಕರ ಎಂಬ ಅಡ್ಡಹೆಸರು ಬಂದಿತು. ಬಾಳೂ ಎಂಬದು ಮರಾಠಿಯಲ್ಲಿ ಕೂಸನ್ನು ಮುದ್ದಿನಿಂದ ಕರೆಯುವ ಹೆಸರು. ಅವರ ಕುಲದವರು ತೊಗಲಿನ ಕೆಲಸದವರು. ಆದದರಿಂದ ಊರಿನ ಜನರು ಅವರನ್ನು ಮುಟ್ಟಬಾರದವರೆಂದು ಎಣಿಸುತ್ತಿದ್ದರು. ದೇವಸ್ಥಾನದ ಬಾಗಿಲೂ ಊರಬಾವಿಯ ಕಟ್ಟೆಯೂ ಇಂಥವರಿಗೆ ಎಷ್ಟು ದೂರವಾಗಿದ್ದವೆಂಬದನ್ನು ನಾವು ವಿವರಿಸಬೇಕಾದದ್ದಿಲ್ಲ. ನಮ್ಮ ವಾಚಕರಲ್ಲಿ ಅನೇಕರು ಅದನ್ನು ತಮ್ಮ ಅಜ್ಜ ಅಜ್ಜಿಯರ ಬಾಯಿಂದಲೇ ಕೇಳಿದ್ದಾರೆ.

ತಂದೆಯು ಸೈನ್ಯಕ್ಕೆ ಸಂಬಂಧಪಟ್ಟ ಕೆಲಸದಲ್ಲಿದ್ದ ಕಾರಣ ಮನೆಯವರು ಪುಣೆಗೆ ಹೋಗಿ ನೆಲೆಸಿದರು. ಅಲ್ಲಿ ಇಂಗ್ಲಿಷ್ ಅಧಿಕಾರಿಗಳು ಆಡಿ ಬಿಸಾಡಿದ ಹಳೆಯ ದಾಂಡುಗಳನ್ನೂ ಸವೆದ ಚೆಂಡುಗಳನ್ನೂ ಆರಿಸಿಕೊಂಡು ಬಾಳೂ ಎಂಬ ಆ ಹುಡುಗನೂ ಅವನ ತಮ್ಮನಾದ ಶಿವರಾಮನೂ ಆಟ ಕಲಿತರು. ಮುಂದೆ ಗಣಪತ, ವಿಠ್ಠಲ ಎಂಬ ಚಿಕ್ಕ ತಮ್ಮಂದಿರೂ ಇದೇ ಆಟದಲ್ಲಿ ಹೆಸರಾದರು.

ಈ ಆಟವನ್ನು ನೋಡದೆ ಇದ್ದವರಿಗಾಗಿ ನಾಲ್ಕು ಮಾತು ಹೇಳಬೇಕು. ಎರಡು ಪಕ್ಷಗಳುಂಟು; ಪಕ್ಷಕ್ಕೆ ಹನ್ನೊಂದು ಜನರು. ಒಂದು ಪಕ್ಷದವನು ನೆಲದಲ್ಲಿ ನೆಟ್ಟ ಮೂರು ಗೂಟಗಳ ಮುಂದೆ ದಾಂಡು ಹಿಡಿದು ನಿಂತು, ಬಂದ ಚೆಂಡನ್ನು ಹೊಡೆದು, ಓಡಿ ಓಟಗಳನ್ನು ಗಳಿಸುತ್ತಾನೆ. ಎದುರುಪಕ್ಷದವನು ಚೆಂಡನ್ನೆಸೆದು ಆ ಗೂಟಗಳನ್ನು ಕೆಡವುವದಕ್ಕೆ, ಇಲ್ಲವೆ ದಾಂಡಿಗೆ ತಗಲಿದ ಚೆಂಡು ನೆಲಕ್ಕೆ ಬೀಳುವ ಮೊದಲೇ ತನ್ನವರಿಂದ ಹಿಡಿಸುವದಕ್ಕೆ ನೋಡುತ್ತಾನೆ. ಹೀಗೆ ಒಬ್ಬನನ್ನು ಹೊರಡಿಸಿದರೆ ಒಂದು ವಿಕೆಟ್ ತೆಗೆದನೆನ್ನುತ್ತಾರೆ. ಚೆಂಡಿಗೆ ತೊಗಲಿನ ಹೊದಿಕೆಯುಂಟು. ಆ ಒಂದೇ ಚೆಂಡು ಹನ್ನೊಂದು ಜನರ ಕೈಯಿಂದ ಕೈಗೆ ದಿನವೆಲ್ಲ ತಿರುಗುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ನಾಲ್ಕು ರೂಪಾಯಿಯ ಚಾಕರಿ

ಬಾಳೂ ಅವರು ಮೊದಲು ಪುಣೆಯ ಪಾರಸಿಗಳ ಕ್ರಿಕೆಟ್ ಸಂಘದಲ್ಲಿ ಆಟದ ನೆಲವನ್ನು ಗುಡಿಸುವ, ಉರುಳೆಯನ್ನೆಳೆದು ಸಮಮಾಡುವ ಚಾಕರಿಗೆ ಸೇರಿದರು. ತಿಂಗಳ ಸಂಬಳ ಮೂರು ರೂಪಾಯಿ. 1892ರಲ್ಲಿ ಯುರೋಪಿಯನರ ಪುಣೆ ಕ್ಲಬ್ಬಿಗೆ ಹೋದಾಗ ಅದು ನಾಲ್ಕು ರೂಪಾಯಿ ಆಯಿತು. ಅಲ್ಲಿ ನೆಲ ಸಿದ್ಧಮಾಡುವದು, ಅಭ್ಯಾಸಕ್ಕೆ ಬಲೆ ಕಟ್ಟುವದು, ಗೆರೆ ಎಳೆಯುವದು ಅವರ ಕೆಲಸ. ಒಂದು ದಿನ ಟ್ರಾಸ್ ಎಂಬ ದೊರೆಯು ತನ್ನ ಅಭ್ಯಾಸಕ್ಕಾಗಿ ಚೆಂಡೆಸೆಯೆಂದು ಈ ಆಳಿಗೆ ಹೇಳಿದನು. ಎಸೆದದ್ದನ್ನು ಕಂಡವರು ಬೆರಗಾದರು. ಬಾಳೂ ಅವರು ಎಡಗೈಯವರು. ಚೆಂಡನ್ನು ಬಿರುಸಾಗಿ ಎಸೆಯುತ್ತಿರಲಿಲ್ಲ, ಸಾವಕಾಶವಾಗಿ ಬಿಡುತ್ತಿದ್ದರು. ಅದು ನೆಲಕ್ಕೆ ತಗಲಿದ ಮೇಲೆ ಯಾವ ಕಡೆಗೆ ಹೊರಳುವದೆಂದು ದಾಂಡು ಹಿಡಿದವನಿಗೆ ತಿಳಿಯುತ್ತಿರಲಿಲ್ಲ. ನಮ್ಮ ದೇಶದಲ್ಲಿ ಎಡಗೈಯಿಂದ ಏನನ್ನಾದರೂ ಕೊಡುವದು ಮರ್ಯಾದೆಯಲ್ಲವೆಂದು ಮಕ್ಕಳಿಗೆ ಕಲಿಸುತ್ತೇವೆ. ದೇವರಾದರೋ ನ್ಯಾಯಸ್ಥಾಪಕನಾದ ಏಹೂದನ ಎಡಗೈಯಿಂದಲೇ ಇಸ್ರಾಯೇಲ್ಯರನ್ನು ಬಿಡಿಸಿದನೆಂದು ಶಾಸ್ತ್ರದಲ್ಲಿ ಓದುತ್ತೇವೆ. ವರಗಳನ್ನು ಹಂಚುವಾತನು ನಮ್ಮ ರೂಢಿಗಳನ್ನು ಕೇಳಿ ಹಂಚುವದಿಲ್ಲ.

ಆ ಕಾಲದಲ್ಲಿ ಈ ದೇಶದಲ್ಲಿದ್ದ ಇಂಗ್ಲಿಷರೊಳಗೆ ದಾಂಡು ಹಿಡಿಯುವದರಲ್ಲಿ ಗ್ರೇಗ್ ಎಂಬ ಸೈನ್ಯಾಧಿಕಾರಿಯು ಎಲ್ಲರಿಗಿಂತ ಮೇಲಾದವನೆನಿಸಿದ್ದನು. ಇವನು ಎಲ್ಲರಿಗಿಂತ ಮುಂಚೆ ಮೈದಾನಕ್ಕೆ ಬಂದು ಬಾಳೂ ಅವರಿಂದ ಚೆಂಡೆಸೆಯಿಸಿಕೊಂಡು ಅಭ್ಯಾಸ ಮಾಡುತ್ತಿದ್ದನು. ತನ್ನನ್ನು ಹೊರಡಿಸಿದ ಒಂದೊಂದು ಸಾರಿಗೂ ಎಂಟಾಣೆ ಕೊಡುತ್ತಿದ್ದನೆಂಬ ಮಾತು ಉಂಟು. ಹೀಗೆ ಬಾಳೂ ಅವರ ಕೈ ದಿನೇದಿನೇ ಪಳಗಿತು. ಆದರೆ ಒಂದು ಸಂಗತಿಯನ್ನು ಬರೆಯದೆ ಬಿಡಲಾರೆವು. ನೂರಾರು ತಾಸು ಆ ದೊರೆಗಳಿಗೆ ಚೆಂಡೆಸೆದರೂ ಒಂದು ಸಾರಿಯಾದರೂ ಅವರು ಇವರ ಕೈಗೆ ದಾಂಡು ಕೊಡಲಿಲ್ಲ. ಚೆಂಡೆಸೆಯುವದು ದುಡಿಮೆ, ದಾಂಡು ಹಿಡಿಯುವದು ದೊರೆತನ. ಕ್ರೈಸ್ತರೆನಿಸಿಕೊಂಡ ಆ ದೊರೆಗಳೂ ಆಳನ್ನು ಆಳಿನ ಸ್ಥಳದಲ್ಲಿಯೇ ಇಟ್ಟರು. ತಪ್ಪು ಒಂದೇ ಪಂಗಡದ್ದೆಂದು ನಾವು ಹೇಳಬಾರದು.

ಚೆಂಡು ಮುಟ್ಟಬಹುದು, ಕುಡಿಕೆ ಮುಟ್ಟಬಾರದು

ಪುಣೆಯಲ್ಲಿ ಹಿಂದೂಗಳದೂ ಒಂದು ಸಂಘವಿತ್ತು. ಯುರೋಪಿಯನರನ್ನು ಸೋಲಿಸಬೇಕೆಂಬದು ಅವರ ಬಹುಕಾಲದ ಆಶೆ. ಬಾಳೂ ಅವರಂಥವರು ತಮ್ಮ ಪಕ್ಷದಲ್ಲಿದ್ದರೆ ಗೆಲ್ಲಬಹುದೆಂದು ಅವರಿಗೆ ಗೊತ್ತಿತ್ತು. ಆದರೆ ಅವರ ಕುಲವು ಅಡ್ಡಬಂದಿತು. ಸಂಘದೊಳಗೆ ವಾದವೆದ್ದಿತು. ಕಡೆಗೆ ಗೆಲ್ಲುವ ಆಶೆಯೇ ಬಲವಾಗಿ, ಅವರನ್ನು ಸೇರಿಸಿಕೊಂಡರು.

ಹೀಗೆ ಸೇರಿಸಿಕೊಂಡ ಬಗೆಯನ್ನು ಕೇಳಿರಿ. ಮೈದಾನದೊಳಗೆ ಬಾಳೂ ಅವರು ಮುಟ್ಟಿದ ಚೆಂಡನ್ನು ಬ್ರಾಹ್ಮಣರಾದ ಜೊತೆಗಾರರೂ ಮುಟ್ಟುತ್ತಿದ್ದರು. ಮುಟ್ಟದೆ ಆಟ ನಡೆಯುವಂತಿರಲಿಲ್ಲ. ಅವರು ವಿಕೆಟ್ ತೆಗೆದಾಗ ಎಲ್ಲರೂ ಸಂತೋಷಪಡುತ್ತಿದ್ದರು. ಆದರೆ ಚಹದ ಹೊತ್ತಾದಾಗ ಉಳಿದ ಹತ್ತು ಮಂದಿ ಆಟಗಾರರ ಮನೆಯೊಳಗೆ ಹೋಗಿ ಪಿಂಗಾಣಿ ಬಟ್ಟಲುಗಳಲ್ಲಿ ಕುಡಿದರೆ, ಬಾಳೂ ಅವರಿಗೆ ಹೊರಗಡೆಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಚಹ ಕೊಡುತ್ತಿದ್ದರು. ಕುಡಿದ ಮೇಲೆ ಆ ಕುಡಿಕೆಯನ್ನು ಬಿಸಾಡಬೇಕು. ಕೈ ತೊಳೆಯಬೇಕೆಂದರೆ ಅವರ ಕುಲದಂಥ ಕುಲದ ಆಳೇ ನೀರೆರೆಯಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಹೊರಗೆ ನಿಂತು ಕುಡಿದ ಅದೇ ಮನುಷ್ಯರು ತಿರಿಗಿ ಒಳಗೆ ಬಂದು ಅವರ ಗೌರವಕ್ಕಾಗಿ ಚೆಂಡೆಸೆಯಬೇಕಾಗಿತ್ತು.

ಪ್ರಿಯರೇ, ಯೋಹಾನನ ಸುವಾರ್ತೆಯಲ್ಲಿ ಸುಖರೆಂಬ ಊರಿನ ಬಾವಿಯ ಸಂಗತಿಯನ್ನು ನೀವು ಕೇಳಿದ್ದೀರಿ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಿಕೆಯಿದ್ದಿಲ್ಲ. ಅಂಥ ಸಮಾರ್ಯದ ಹೆಂಗಸಿನ ಕೈಯಿಂದ ನಮ್ಮ ಕರ್ತನು ನೀರು ಬೇಡಿದನು. ತನ್ನದೇ ಬೇರೆ ಪಾತ್ರೆ ತರಿಸಲಿಲ್ಲ. ಅವಳೇ ಆಶ್ಚರ್ಯಪಟ್ಟಳು; ಊಟ ಕೊಳ್ಳುವದಕ್ಕೆ ಹೋಗಿದ್ದ ಶಿಷ್ಯರೂ ಹಿಂತಿರುಗಿ ಬಂದು ಆಶ್ಚರ್ಯಪಟ್ಟರು. ಕೊಡುವದರಿಂದ ಮಾತ್ರವಲ್ಲ, ಅವರ ಕೈಯಿಂದ ತೆಗೆದುಕೊಳ್ಳುವದರಿಂದಲೂ ತುಚ್ಛೀಕರಿಸಲ್ಪಟ್ಟವರನ್ನು ಗೌರವಿಸಬಹುದೆಂದು ಕರ್ತನು ಆ ಬಾವಿಯ ಬಳಿಯಲ್ಲಿ ತೋರಿಸಿದನು. ಪುಣೆಯವರು ಬಾಳೂ ಅವರಿಂದ ಗೆಲವನ್ನು ತೆಗೆದುಕೊಂಡರು. ಅವರು ಮುಟ್ಟಿದ ಬಟ್ಟಲನ್ನು ತೆಗೆದುಕೊಳ್ಳಲಾರದೆ ಹೋದರು.

ಮುಂದೆ ಈ ಸಂಘದವರು ಸಾತಾರೆಗೆ ಹೋಗಿ ಅಲ್ಲಿಯ ಯುರೋಪಿಯನರ ಮೇಲೆ ಆಡಿ ಗೆದ್ದರು. ಆ ಗೆಲವಿಗೆ ಬಾಳೂ ಅವರ ಎಡಗೈಯೇ ಮುಖ್ಯ ಕಾರಣವಾಗಿತ್ತು. ಪುಣೆಗೆ ಹಿಂತಿರುಗಿದಾಗ ನ್ಯಾಯಾಧಿಪತಿಗಳೂ ಸಮಾಜಸುಧಾರಕರೂ ಆಗಿದ್ದ ಮಹಾದೇವ ಗೋವಿಂದ ರಾನಡೆಯವರು ಅವರನ್ನು ಜನರೆದುರಿಗೆ ಸನ್ಮಾನಿಸಿ, ಒಟ್ಟಿಗೆ ಆಡಬಹುದಾದವರ ಕೂಡ ಒಟ್ಟಿಗೆ ಉಣ್ಣಲೂ ಕುಡಿಯಲೂ ಬಾರದೇ ಎಂಬ ಅರ್ಥದಲ್ಲಿ ಜೊತೆಗಾರರಿಗೆ ಬುದ್ಧಿಹೇಳಿದರು. ಸತ್ಯವನ್ನು ನುಡಿಯುವ ಧೈರ್ಯವು ಎಲ್ಲಿ ಕಂಡರೂ ನಾವು ಮಾನ್ಯಮಾಡಬೇಕು.

ಮುಂಬಯಿಯಲ್ಲಿ

1896ರ ಸುಮಾರಿಗೆ ಬಾಳೂ ಅವರು ಮುಂಬಯಿಗೆ ಬಂದರು. ಆ ನಗರದಲ್ಲಿ ಮಹಾಮಾರಿಯಾದ ಪ್ಲೇಗ್ ತಲೆದೋರಿದ ವರುಷವದು. ಮುಂದೆ ಅವರಿಗೆ ರೈಲ್ವೆಯಲ್ಲಿ ಕೆಲಸ ದೊರಕಿತು. ಅಲ್ಲಿಯ ಹಿಂದೂ ಜಿಮಖಾನೆಯ ಕೆಲವು ಸದಸ್ಯರು ಮೊದಲು ಅಡ್ಡಿಮಾಡಿದರೂ ಕಡೆಗೆ ಅವರನ್ನೂ ಅವರ ತಮ್ಮ ಶಿವರಾಮರನ್ನೂ ಸೇರಿಸಿಕೊಂಡರು.

1906ನೆಯ ಇಸವಿಯ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂಗಳಿಗೂ ಯುರೋಪಿಯನರಿಗೂ ದೊಡ್ಡ ಪಂದ್ಯ ನಡೆಯಿತು. ಹಿಂದೂಗಳು ಮೊದಲ ಸಾರಿ 242 ಓಟಗಳನ್ನೂ ಎರಡನೆಯ ಸಾರಿ 160 ಓಟಗಳನ್ನೂ ಮಾಡಿದರು. ಯುರೋಪಿಯನರು 191 ಮತ್ತು 102 ಮಾಡಿ, 109 ಓಟಗಳಿಂದ ಸೋತರು. ಬಾಳೂ ಅವರು ಈ ಗೆಲವಿಗೆ ಬಹಳವಾಗಿ ಸಹಾಯಮಾಡಿದರು. ದೇಶವನ್ನಾಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ್ದಕ್ಕಾಗಿ ಜನರು ಹಿಗ್ಗಿದರು. ಆದರೆ ವಿಚಾರವಂತರು ಓಟಗಳಿಗಿಂತ ಹೆಚ್ಚಾದ ಇನ್ನೊಂದು ಗೆಲವನ್ನು ಕಂಡರು. ಪುಣೆಯಲ್ಲಿ ಈ ಅಣ್ಣತಮ್ಮಂದಿರೊಂದಿಗೆ ಆಡಿದ್ದು ಮಾತ್ರವಾಯಿತು. ಮುಂಬಯಿಯಲ್ಲಿ ಜಿಮಖಾನೆಯವರು ಇವರೊಂದಿಗೆ ಕೂತು ಉಂಡರು. ಹತ್ತು ವರುಷಗಳ ಹಿಂದೆ ಹೊರಗೆ ನಿಂತವರು ಈಗ ಮೇಜಿಗೆ ಬಂದರು. ಕುಡಿಕೆ ಒಡೆಯಿತು, ಆದರೆ ಅದರ ಚೂರುಗಳು ಇನ್ನೂ ಹಾದಿಯಲ್ಲಿ ಬಿದ್ದಿದ್ದವೆಂಬದನ್ನು ಮುಂದೆ ನೋಡುವಿರಿ.

ಸಮುದ್ರದಾಚೆಯ ಆಟ

1911ರಲ್ಲಿ ಐದನೆಯ ಜಾರ್ಜ್ ಅರಸನ ಪಟ್ಟಾಭಿಷೇಕವಾದ ವರುಷದ ಬೇಸಿಗೆಯಲ್ಲಿ ಇಡೀ ಹಿಂದುಸ್ಥಾನದ ಹೆಸರಿನಲ್ಲಿ ಒಂದು ತಂಡವು ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ಇದಕ್ಕೂ ಮುಂಚೆ ಪಾರಸಿಗಳು ತಾವಾಗಿ ಹೋಗಿ ಆಡಿ ಬಂದದ್ದುಂಟು; ಎಲ್ಲ ಮತದವರು ಕೂಡಿದ ತಂಡವು ಇದೇ ಮೊದಲನೆಯದು. ಪಾರಸಿಗಳೂ ಹಿಂದೂಗಳೂ ಮುಸಲ್ಮಾನರೂ ಒಂದೇ ಹಡಗಿನಲ್ಲಿದ್ದರು. ಮುಂದಾಳು ಪಟಿಯಾಲದ ಮಹಾರಾಜ ಭೂಪೇಂದ್ರಸಿಂಗರು. ಅವರಿಗೆ ಆಗ ಹತ್ತೊಂಬತ್ತು ವರುಷ. ರಾಜಕುಮಾರನೂ ತೊಗಲಿನ ಕೆಲಸದವರ ಮನೆಯ ಮಕ್ಕಳಾದ ಬಾಳೂ ಮತ್ತು ಶಿವರಾಮರೂ ಒಂದೇ ತಂಡದ ಬಟ್ಟೆ ತೊಟ್ಟರು.

ಮಹಾರಾಜರು ಪಟ್ಟಾಭಿಷೇಕದ ಸಮಾರಂಭಗಳಲ್ಲಿಯೂ ದೊಡ್ಡವರ ಔತಣಗಳಲ್ಲಿಯೂ ಮಗ್ನರಾಗಿ, ಕೆಲವೇ ಪಂದ್ಯಗಳಲ್ಲಿ ಆಡಿದರು. ಆಟದ ಭಾರವೆಲ್ಲ ಉಳಿದವರ ಮೇಲೆ ಬಿತ್ತು. ಅವರು ಕಾಣದ ಹವೆ, ಅರಿಯದ ನೆಲ. ದಿನ ಬಿಟ್ಟು ದಿನ ರೈಲುಪ್ರಯಾಣ. ಆಕ್ಸ್‌ಫರ್ಡ್, ಕೇಂಬ್ರಿಜ್ ವಿದ್ಯಾಶಾಲೆಗಳ ತಂಡಗಳ ಮೇಲೂ ಇಂಗ್ಲೆಂಡಿನ ಬೇರೆ ಬೇರೆ ಜಿಲ್ಲೆಗಳ ತಂಡಗಳ ಮೇಲೂ ಆಡಿ, ಸ್ಕಾಟ್ಲೆಂಡ್ ಐರ್ಲೆಂಡುಗಳ ವರೆಗೂ ಹೋದರು. ಒಟ್ಟು 23 ಪಂದ್ಯಗಳಲ್ಲಿ 6 ಗೆದ್ದು, 15 ಸೋತು, 2ನ್ನು ಸಮಮಾಡಿಕೊಂಡರು. ಲೆಕ್ಕ ನೋಡಿದರೆ ಇದು ಸೋಲಿನ ಪ್ರಯಾಣವೇ.

ಈ ಸೋಲಿನ ನಡುವೆ ಬಾಳೂ ಅವರೊಬ್ಬರು ಸೋಲಲಿಲ್ಲ. ಅವರಿಗೆ ಆಗ ಮೂವತ್ತೈದು ದಾಟಿತ್ತು, ಹೆಗಲಿನಲ್ಲಿ ನೋವಿತ್ತು. ಆದರೂ ಮುಂಜಾನೆಯಿಂದ ಸಾಯಂಕಾಲದ ವರೆಗೆ ಚೆಂಡೆಸೆದರು. ಕೇಂಬ್ರಿಜ್‌ನವರ ಮೇಲೆ ಒಂದೇ ಸರದಿಯಲ್ಲಿ 103 ಓಟಗಳನ್ನು ಕೊಟ್ಟು 8 ಮಂದಿಯನ್ನು ಹೊರಡಿಸಿದರು. ಲಂಡನ್ ಪಟ್ಟಣದಲ್ಲಿ ಲಾರ್ಡ್ಸ್ ಎಂಬ ಹೆಸರಾದ ಮೈದಾನದಲ್ಲಿ ಎಂ.ಸಿ.ಸಿ. ಎಂಬ ದೊಡ್ಡ ಸಂಘದವರ ಮೇಲೆ 96 ಓಟಗಳಿಗೆ 4 ವಿಕೆಟ್ ತೆಗೆದರು. (ಲಾರ್ಡ್ಸ್ ಎಂಬ ಹೆಸರು ಥಾಮಸ್ ಲಾರ್ಡ್ ಎಂಬ ಆ ಮೈದಾನದ ಮೂಲಪುರುಷನಿಂದ ಬಂದದ್ದು, ನಮ್ಮ ಕರ್ತನಿಗೆ ಸಂಬಂಧಪಟ್ಟದ್ದಲ್ಲ.) ಬಹಳ ಪಂದ್ಯಗಳನ್ನು ಸೋತು ತಂಡದವರ ಮನಸ್ಸು ಕುಗ್ಗಿದ್ದಾಗ, ಲೆಸ್ಟರ್ ಎಂಬ ಊರಿನಲ್ಲಿ ಬಾಳೂ ಅವರು ಎರಡೂ ಸರದಿ ಸೇರಿ 11 ವಿಕೆಟ್ ತೆಗೆದು ತಂಡವನ್ನು ಗೆಲ್ಲಿಸಿದರು. ಆ ಮೇಲೆ ಸಾಮರ್ಸೆಟ್ ಜಿಲ್ಲೆಯವರ ಮೇಲೆ ಒಂದೇ ವಿಕೆಟ್ ಉಳಿದಿರುವಾಗ ತಂಡವು ಗೆದ್ದಿತು. ಪ್ರಯಾಣ ಮುಗಿಯುವಷ್ಟರಲ್ಲಿ ಬಾಳೂ ಅವರು ಒಟ್ಟು 114 ವಿಕೆಟ್ ತೆಗೆದಿದ್ದರು. ಒಂದೊಂದಕ್ಕೆ ಸರಾಸರಿ 18.84 ಓಟಗಳು. ಅಂಥ ಬಲಹೀನ ತಂಡದಲ್ಲಿದ್ದುಕೊಂಡು, ಹೊಸ ದೇಶದಲ್ಲಿ ಇಷ್ಟು ಮಾಡಿದ್ದು ದೊಡ್ಡ ಸಂಗತಿಯೆಂದು ಅಲ್ಲಿಯ ಆಟಬಲ್ಲವರೂ ಒಪ್ಪಿಕೊಂಡರು.

ಇಂಗ್ಲೆಂಡಿನ ವಿಷಯವಾಗಿ ಇನ್ನೊಂದು ಮಾತು ತಿಳಿದಿರುವದು ಒಳ್ಳೇದು. ಆ ದೇಶದಲ್ಲಿ ಆಟಗಾರರು ಎರಡು ಬಗೆಯವರಾಗಿದ್ದರು. ಹಣವಿದ್ದು ಸಂಬಳ ತೆಗೆದುಕೊಳ್ಳದೆ ಹವ್ಯಾಸಕ್ಕಾಗಿ ಆಡುವವರು ಸಭ್ಯರೆನಿಸಿಕೊಳ್ಳುತ್ತಿದ್ದರು. ಆಟವೇ ಜೀವನವಾಗಿ ಕೂಲಿ ತೆಗೆದುಕೊಳ್ಳುವವರು ಬರೇ ಆಟಗಾರರು. ಒಂದೇ ತಂಡದಲ್ಲಿದ್ದರೂ ಅನೇಕ ಮೈದಾನಗಳಲ್ಲಿ ಇವರಿಬ್ಬರಿಗೆ ಬಟ್ಟೆ ಬದಲಿಸುವ ಕೋಣೆ ಬೇರೆ, ಮೈದಾನಕ್ಕಿಳಿಯುವ ಬಾಗಿಲು ಬೇರೆ. ತಂಡದ ಮುಂದಾಳುತನವು ಬಹುಶಃ ಯಾವಾಗಲೂ ಸಭ್ಯರಿಗೇ ಸಲ್ಲುತ್ತಿತ್ತು. ಈ ಭೇದವನ್ನು ಅವರು 1962ರಲ್ಲಿ ಮಾತ್ರ ತೆಗೆದುಹಾಕಿದರು. ಅಲ್ಲಿ ಜಾತಿ ಇರಲಿಲ್ಲ; ಸತ್ಯವೇದವು ಮನೆಮನೆಯಲ್ಲಿಯೂ ಇತ್ತು. ಆದರೂ ಮನುಷ್ಯನ ಗರ್ವವು ಒಂದೇ ಮೈದಾನಕ್ಕೆ ಎರಡು ಬಾಗಿಲು ಕಟ್ಟಿಸಿತು. ಗರ್ವವೆಂಬ ಪಾಪವು ದೇಶ ಬದಲಾದರೆ ಬಟ್ಟೆ ಬದಲಿಸುತ್ತದೆ, ಸ್ವಭಾವ ಬದಲಿಸುವದಿಲ್ಲ.

ತಾಯ್ನಾಡಿನಲ್ಲಿ ಸನ್ಮಾನವೂ ಅವಮಾನವೂ

ಬಾಳೂ ಅವರು ಹಿಂತಿರುಗಿ ಬಂದಾಗ ಮುಂಬಯಿಯ ದಲಿತ ಜನರು ಸಭೆ ಕೂಡಿಸಿ ಮಾನಪತ್ರ ಅರ್ಪಿಸಿದರು. ಆ ಮಾನಪತ್ರವನ್ನು ಬರೆದವರು ಆಗ ಕಾಲೇಜಿನಲ್ಲಿ ಓದುತ್ತಿದ್ದ ಭೀಮರಾವ ಅಂಬೇಡ್ಕರರೆಂದು ಹೇಳುತ್ತಾರೆ. ಬಾವಿಯ ನೀರು ಕೂಡ ಸಿಕ್ಕದ ಮಕ್ಕಳಿಗೆ, ತಮ್ಮವರೊಬ್ಬರು ಸಮುದ್ರ ದಾಟಿ ಹೋಗಿ ಗೌರವದಿಂದ ಬಂದರೆಂಬದು ಎಂಥ ಧೈರ್ಯವನ್ನು ತಂದಿರಬೇಕು!

ಆದರೆ ಜಿಮಖಾನೆಯವರ ಮನಸ್ಸು ಇನ್ನೂ ಒಂದು ಹೆಜ್ಜೆ ಹಿಂದೆಯೇ ಇತ್ತು. 1912ರಿಂದ ಮುಂಬಯಿಯಲ್ಲಿ ಯುರೋಪಿಯನರು, ಪಾರಸಿಗಳು, ಹಿಂದೂಗಳು, ಮುಸಲ್ಮಾನರು ಎಂಬ ನಾಲ್ಕು ತಂಡಗಳು ವರುಷವರುಷ ಆಡುತ್ತಿದ್ದವು. ಹಿಂದೂ ತಂಡದಲ್ಲಿ ಬಾಳೂ ಅವರಿಗಿಂತ ಹಿರಿಯರೂ ಅನುಭವಸ್ಥರೂ ಇರಲಿಲ್ಲ. ಆದರೂ ಮುಂದಾಳುತನವು ಅವರಿಗೆ ಬರಲಿಲ್ಲ. ಅವರ ಕೂಡ ಉಣ್ಣಬಹುದು. ಅವರ ಮಾತಿನಂತೆ ನಿಲ್ಲುವದೂ ನಡೆಯುವದೂ ಆಗದು ಎಂಬಂತಿತ್ತು. 1913ರಲ್ಲಿ ಮುಂದಾಳಾಗಿ ನೇಮಿಸಲ್ಪಟ್ಟ ಎಂ. ಡಿ. ಪೈ ಎಂಬವರು ಬ್ರಾಹ್ಮಣರು. ಅವರು ತಮ್ಮ ಸನ್ಮಾನದ ಸಭೆಯಲ್ಲಿಯೇ ಎದ್ದು, ಈ ಗೌರವವು ತನಗಿಂತ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ಎಲ್ಲರಿಗೆ ಕೇಳುವಂತೆ ಹೇಳಿದರು. ತನಗೆ ಸಿಕ್ಕಿದ ಆಸನದ ಮೇಲೆ ನಿಂತುಕೊಂಡೇ ಇದು ಮತ್ತೊಬ್ಬನದೆಂದು ಹೇಳುವವರು ವಿರಳ. ಆದರೂ ಆಸನವು ಬಾಳೂ ಅವರಿಗೆ ಬರಲಿಲ್ಲ.

1920ರಲ್ಲಿ ಅವರನ್ನು ತಂಡದಿಂದಲೇ ಬಿಟ್ಟರು. ಆಗ ತಮ್ಮಂದಿರಾದ ಶಿವರಾಮರೂ ವಿಠ್ಠಲರೂ, ತಮ್ಮಣ್ಣನಿಗೆ ಜಾತಿಯ ಕಾರಣದಿಂದ ಅನ್ಯಾಯವಾಗಿದೆಯೆಂದು ಬಹಿರಂಗವಾಗಿ ತಿಳಿಸಿ ಆಟದಿಂದ ಹಿಂದೆಗೆದರು. ನಗರದಲ್ಲಿ ದೊಡ್ಡ ಚರ್ಚೆಯಾಯಿತು. ಕಡೆಯ ಪಂದ್ಯಕ್ಕೆ ಬಾಳೂ ಅವರನ್ನು ತಿರಿಗಿ ಕರೆದು ಉಪನಾಯಕರನ್ನಾಗಿ ಮಾಡಿದರು. ಮುಂದಾಳಾದ ಪೈಯವರು ಮೈದಾನದಿಂದ ಹೊರಗಿದ್ದ ಹೊತ್ತಿನಲ್ಲಿ ಬಾಳೂ ಅವರೇ ತಂಡವನ್ನು ನಡಿಸಿದರು. ಜೀವಮಾನವೆಲ್ಲ ದುಡಿದವರಿಗೆ ದೊರಕಿದ್ದು ಆ ಸ್ವಲ್ಪ ಹೊತ್ತಿನ ಮುಂದಾಳುತನ. ಅಣ್ಣನು ಬಿತ್ತಿದ್ದನ್ನು ತಮ್ಮನು ಕೊಯ್ದನು. 1923ರಲ್ಲಿ ವಿಠ್ಠಲರು ಹಿಂದೂ ತಂಡದ ಮುಂದಾಳಾದರು. ತಂಡವು ಯುರೋಪಿಯನರನ್ನು ಸೋಲಿಸಿತು. ಉಚ್ಚಜಾತಿಯವರೇ ಆ ತೊಗಲಿನ ಕೆಲಸದವರ ಮಗನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಬಾಳೂ ಅವರ ಕಡೆಯ ದಿನಗಳ ಸಂಗತಿಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಆಟ ಬಿಟ್ಟ ಮೇಲೆ ಅವರು ತಮ್ಮ ಜನರ ಕ್ಷೇಮಕ್ಕಾಗಿ ರಾಜಕೀಯದಲ್ಲಿ ಕೈಹಾಕಿದರು. ದಲಿತರಿಗೆ ಬೇರೆ ಮತಕ್ಷೇತ್ರವಿರಬೇಕೆಂದು ಅಂಬೇಡ್ಕರರು ಕೇಳಿದಾಗ ಬಾಳೂ ಅವರು ಅದಕ್ಕೆ ಒಪ್ಪದೆ, 1932ರ ಪುಣೆಯ ಒಡಂಬಡಿಕೆಯ ಕಡೆಯವರಾದರು. 1937ರಲ್ಲಿ ಮುಂಬಯಿ ಪ್ರಾಂತದ ಶಾಸನಸಭೆಯ ಚುನಾವಣೆಯಲ್ಲಿ ಅಂಬೇಡ್ಕರರಿಗೆ ಎದುರಾಗಿ ಕಾಂಗ್ರೆಸ್ಸಿನ ಪರವಾಗಿ ನಿಂತು 11,225 ಮತಗಳನ್ನು ಪಡೆದು, 13,245 ಮತ ಪಡೆದ ಅಂಬೇಡ್ಕರರಿಗೆ ಸೋತರು. ಒಂದು ಕಾಲದಲ್ಲಿ ಸನ್ಮಾನಿಸಿದವರೂ ಸನ್ಮಾನ ಪಡೆದವರೂ ಹೀಗೆ ಎರಡು ದಾರಿ ಹಿಡಿದದ್ದು ದುಃಖದ ಸಂಗತಿಯಾದರೂ, ಇಬ್ಬರೂ ಹುಡುಕಿದ್ದು ತಮ್ಮ ಜನರ ಬಿಡುಗಡೆಯನ್ನೇ. 1950ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಅದನ್ನು ಕಂಡ ಬಳಿಕ, 1955ರ ಜುಲೈ ತಿಂಗಳಲ್ಲಿ ಬಾಳೂ ಅವರು ಮುಂಬಯಿಯಲ್ಲಿ ತೀರಿಕೊಂಡರು. ಅವರು ಆಡಿದ ದೊಡ್ಡ ಪಂದ್ಯಗಳು 33. ಅವುಗಳಲ್ಲಿ ತೆಗೆದ ವಿಕೆಟ್‌ಗಳು 179.

ಇದರಿಂದ ನಾವು ಕಲಿಯತಕ್ಕದ್ದು

ಪ್ರಿಯ ವಾಚಕರೇ, ಈ ಚರಿತ್ರೆಯನ್ನೋದಿ ಪುಣೆಯ ಆ ಆಟಗಾರರನ್ನು ಹಳಿಯುವದು ಸುಲಭ. ಆದರೆ ಅವರು ಜೀವವುಳ್ಳ ದೇವರ ಮೇಜಿಗೆ ಕರೆಯಲ್ಪಟ್ಟವರಾಗಿರಲಿಲ್ಲ. ನಾವು ಕರೆಯಲ್ಪಟ್ಟವರು. ಹೆಚ್ಚಾಗಿ ಕೊಡಲ್ಪಟ್ಟವರಿಂದ ಹೆಚ್ಚಾಗಿ ಕೇಳಲ್ಪಡುವದೆಂದು ನಾವು ಬಲ್ಲೆವು.

ಅಪೊಸ್ತಲರ ಕಾಲದಲ್ಲಿಯೇ ಈ ಕುಡಿಕೆಯು ಸಭೆಯೊಳಗೆ ಬಂದಿತ್ತು. ಪೇತ್ರನು ಅಂತಿಯೋಕ್ಯದಲ್ಲಿ ಅನ್ಯಜನರ ಸಂಗಡ ಸಂತೋಷದಿಂದ ಊಟಮಾಡುತ್ತಿದ್ದನು. ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೇ ಅವರಿಗೆ ಹೆದರಿ ಬೇರೆಯಾದನು. ಪೌಲನು ಅದನ್ನು ಸಣ್ಣ ಸಂಗತಿಯೆಂದು ಬಿಡದೆ, ಸುವಾರ್ತೆಯ ಸತ್ಯಕ್ಕೇ ವಿರೋಧವೆಂದು ಎಲ್ಲರ ಮುಂದೆ ಪೇತ್ರನನ್ನು ಖಂಡಿಸಿದನು. ನಮ್ಮ ದೇಶದಲ್ಲಿಯೂ ತಂಜಾವೂರು ಸೀಮೆಯ ಸಭೆಗಳಲ್ಲಿ ಕುಲಕುಲದವರು ಬೇರೆ ಬೇರೆ ಕೂತು, ಕರ್ತನ ಭೋಜನದಲ್ಲಿಯೂ ಹಿಂದುಮುಂದು ನೋಡುತ್ತಿದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪರಾದ ಡಾನಿಯೇಲ್ ವಿಲ್ಸನರು ಪತ್ರ ಬರೆದು, ಸಭೆಯೊಳಗಿನ ಜಾತಿಭೇದವನ್ನು ತಡವಿಲ್ಲದೆ ಸಂಪೂರ್ಣವಾಗಿ ತೊರೆಯಬೇಕೆಂದು ಆಜ್ಞಾಪಿಸಿದರು. ಅನೇಕರು ಸಿಟ್ಟಾಗಿ ಸಭೆಯನ್ನೇ ಬಿಟ್ಟುಹೋದರು. ಅವರಿಗೆ ಕರ್ತನ ಪಾತ್ರೆಗಿಂತ ಕುಲದ ಪಾತ್ರೆಯೇ ಹೆಚ್ಚಾಯಿತು.

ಈಗ ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ. ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿದವರು ಅದೇ ಭಾನುವಾರ ಮಧ್ಯಾಹ್ನ ಒಬ್ಬರೊಬ್ಬರ ಮನೆಯಲ್ಲಿ ನೀರು ಕುಡಿಯುತ್ತೇವೋ? ಮದುವೆಯ ಪಂಕ್ತಿಯಲ್ಲಿ ಯಾರು ಎಲ್ಲಿ ಕೂತುಕೊಳ್ಳಬೇಕೆಂದು ಹಳೇ ಕುಲದ ಹೆಸರೆತ್ತಿ ನೋಡುತ್ತೇವೋ? ಹೊಸದಾಗಿ ಸ್ನಾನದೀಕ್ಷೆ ಹೊಂದಿದ ಬಡ ಮನೆಯವರನ್ನು ಗುಡಿಸುವದಕ್ಕೂ ಗಂಟೆ ಬಾರಿಸುವದಕ್ಕೂ ಕರೆದು, ಹಿರಿಯರನ್ನು ಆರಿಸುವಾಗ ಅವರನ್ನು ಮರೆಯುತ್ತೇವೋ? ಹಾಗಾದರೆ ನಾವೂ ಚೆಂಡು ಮುಟ್ಟಿ ಕುಡಿಕೆ ಬಿಸಾಡಿದವರೇ. ಮೇಜಿಗೆ ಕರೆದು ಮುಂದಾಳುತನ ಕೊಡದ ಜಿಮಖಾನೆಗೂ ನಮ್ಮ ಸಭೆಗೂ ಏನು ಭೇದ?

ತುಚ್ಛೀಕರಿಸಲ್ಪಟ್ಟ ಕುಲದಿಂದ ಬಂದ ನಮ್ಮ ತರುಣರಿಗೂ ಒಂದು ಮಾತು. ಬಾಳೂ ಅವರು ಅವಮಾನದ ಕುಡಿಕೆಯನ್ನು ಹಿಡಿದಾಗಲೂ ತಮ್ಮ ಕೆಲಸವನ್ನು ಕೆಡಿಸಲಿಲ್ಲ. ನೆಲ ಗುಡಿಸುವಾಗ ಚೆನ್ನಾಗಿ ಗುಡಿಸಿದರು, ಚೆಂಡೆಸೆಯುವಾಗ ಚೆನ್ನಾಗಿ ಎಸೆದರು. ಅನ್ಯಾಯವಾದಾಗ ತಮ್ಮಂದಿರು ಬಾಯಿ ಮುಚ್ಚಿಕೊಂಡಿರಲಿಲ್ಲ. ತಾಳ್ಮೆಯೂ ಬೇಕು, ಸತ್ಯವನ್ನು ಹೇಳುವ ಧೈರ್ಯವೂ ಬೇಕು. ಪರರು ನಮ್ಮನ್ನು ಏನೆಂದು ಕರೆದರೂ ನಮ್ಮ ಬೆಲೆ ಕಟ್ಟಿದವನು ಒಬ್ಬನೇ. ಆತನು ತನ್ನ ರಕ್ತದಿಂದಲೇ ಕಟ್ಟಿದನು.

ಮುಂದಿನ ಸಾರಿ ಸಭೆಯಲ್ಲಿ ಕರ್ತನ ಭೋಜನ ನಡೆಯುವಾಗ, ಪಾತ್ರೆ ನಿಮ್ಮ ಕೈಗೆ ಬರುವದಕ್ಕಿಂತ ಮುಂಚೆ ಯಾರ ಕೈಯಲ್ಲಿತ್ತೆಂದು ನೋಡಿರಿ. ನಿಮ್ಮ ಕೈಯಿಂದ ಯಾರಿಗೆ ಹೋಗುವದೆಂದೂ ನೋಡಿರಿ. ಅವರ ಮನೆಯ ಬಾಗಿಲಿಗೆ ಆ ವಾರದಲ್ಲಿಯೇ ಹೋಗಿ, ಕೂತು, ಒಂದು ಬಟ್ಟಲು ನೀರು ಬೇಡಿ ಕುಡಿಯಿರಿ. ಸುಖರಿನ ಬಾವಿಯ ಬಳಿ ನಮ್ಮ ಕರ್ತನು ಮಾಡಿದ್ದು ಅದನ್ನೇ.